ಪೈಥಾನ್ ಒಳಗೆ ಏನು ನಡೆಯುತ್ತದೆ? ಡಿಲೀಟ್ ಮಾಡಿದರೂ ಮೆಮೊರಿ ಇಳಿಯುತ್ತಿಲ್ಲ, ನಾಲ್ಕು ಥ್ರೆಡ್ ಹಾಕಿದರೂ ವೇಗ ಬರುತ್ತಿಲ್ಲ

ಬ್ಯಾಡಗಿ_ಹುಡುಗ:
ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ಊರು ಬ್ಯಾಡಗಿ ಹತ್ತಿರ. ನಮ್ಮ ಮಾವನದ್ದು ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ದಲಾಲಿ ಅಂಗಡಿ. ಹಳೆಯ ಲಾಟ್ ಲೆಕ್ಕವೆಲ್ಲ ಸಿಎಸ್‌ವಿ ಫೈಲುಗಳಲ್ಲಿದೆ. ಡಬ್ಬಿ ಎಷ್ಟಕ್ಕೆ ಹೋಯಿತು, ಕಡ್ಡಿ ಎಷ್ಟಕ್ಕೆ ಹೋಯಿತು, ಯಾವ ರೈತರದ್ದು ಎಷ್ಟು ಚೀಲ, ಹೀಗೆ. ಅದನ್ನೆಲ್ಲ ಓದಿ ತಿಂಗಳವಾರು ದರ ತೆಗೆಯುವ ಪ್ರೋಗ್ರಾಮ್ ಪೈಥಾನ್‌ನಲ್ಲಿ ಬರೆದಿದ್ದೇನೆ. ಉತ್ತರ ಸರಿ ಬರುತ್ತದೆ. ಆದರೆ ಎರಡು ವಿಷಯ ತಲೆಗೆ ಹೋಗುತ್ತಿಲ್ಲ.

ಮೊದಲನೆಯದು ಮೆಮೊರಿ. ಒಂದೊಂದು ಸಾಲಿಗೂ ಒಂದು ಡಿಕ್ಷನರಿ ಮಾಡಿ ಲಿಸ್ಟಿಗೆ ಹಾಕುತ್ತೇನೆ. ಲೆಕ್ಕ ಮುಗಿದ ಮೇಲೆ ಆ ಲಿಸ್ಟನ್ನು ಡೆಲ್ ಮಾಡುತ್ತೇನೆ. ಟಾಪ್ ಕಮಾಂಡಿನಲ್ಲಿ ನೋಡಿದರೆ ಮೆಮೊರಿ ಸ್ವಲ್ಪವೇ ಇಳಿಯುತ್ತದೆ, ಉಳಿದದ್ದು ಹಾಗೇ ಇರುತ್ತದೆ. ಎರಡನೆಯದು ಥ್ರೆಡ್, ಅಂದರೆ ಒಂದೇ ಪ್ರೋಗ್ರಾಮಿನ ಕೆಲಸವನ್ನು ಒಟ್ಟಿಗೆ ನಡೆಯುವ ಎಳೆಗಳಾಗಿ ಹಂಚುವುದು. ನಾಲ್ಕು ಕೋರ್ ಇರುವ ಲ್ಯಾಪ್‌ಟಾಪ್, ನಾಲ್ಕು ಥ್ರೆಡ್ ಹಾಕಿದೆ. ಒಂದೇ ಥ್ರೆಡ್‌ಗೆ ಹಿಡಿಯುವಷ್ಟೇ ಹೊತ್ತು.

ರೆಡಿ ಕೋಡ್ ಬೇಡ. ಒಳಗೆ ಏನು ನಡೆಯುತ್ತಿದೆ ಅಂತ ತಿಳಿಯಬೇಕು. ಸೀನಿಯರ್ ಒಬ್ಬರು ಸಿಪೈಥಾನ್ (ನಾವು ಸಾಮಾನ್ಯವಾಗಿ ಬಳಸುವ, ಸಿ ಭಾಷೆಯಲ್ಲಿ ಬರೆದ ಪೈಥಾನ್) ಸೋರ್ಸ್ ಓದು ಅಂದರು. ತೆರೆದರೆ ಎಲ್ಲಿ ಶುರು, ಎಲ್ಲಿ ಕೊನೆ ಗೊತ್ತಾಗಲಿಲ್ಲ. ಎಲ್ಲಿಂದ ಹಿಡಿಯಲಿ? ಆವೃತ್ತಿ 3.12, ಉಬುಂಟು.

ಟೋಲ್‌ನಾಕಾ:
ಎರಡನೆಯದಕ್ಕೆ ಉತ್ತರ ಜಿಐಎಲ್, ಗ್ಲೋಬಲ್ ಇಂಟರ್‌ಪ್ರಿಟರ್ ಲಾಕ್. ಥ್ರೆಡ್ ಬದಲು ಬೇರೆ ಬೇರೆ ಪ್ರೊಸೆಸ್ ಓಡಿಸುವ ಮಲ್ಟಿಪ್ರೊಸೆಸಿಂಗ್ ಬಳಸು, ಮುಗೀತು.

ಉಣಕಲ್_ಕೆರೆ:
ಅಲ್ರೀ, ಒಳಗೆ ಏನು ನಡೆಯುತ್ತದೆ ಅಂತ ಹುಡುಗ ಕೇಳುತ್ತಿದ್ದಾನೆ. ಬರೀ ಹೆಸರು ಹೇಳಿದರೆ ಅವನಿಗೆ ಏನು ಸಿಕ್ಕಿತು? ಆ ಲಾಕ್ ಯಾಕೆ ಇದೆ ಅಂತ ಹೇಳಿದರೆ ತಾನೇ ಉಪಯೋಗ?

ಗೋಕುಲರೋಡ್:
ನನ್ನದು ಬೇರೆ ಮಾತು. ತಮ್ಮಾ, ಕೊನೆಯ ವರ್ಷದಲ್ಲಿದ್ದೀಯ, ಕ್ಯಾಂಪಸ್ ಇಂಟರ್‌ವ್ಯೂ ಬಾಗಿಲಲ್ಲಿದೆ. ಜಾಂಗೋ ಕಲಿ, ಎಸ್‌ಕ್ಯೂಎಲ್ ಗಟ್ಟಿ ಮಾಡಿಕೋ, ಎರಡು ಪ್ರಾಜೆಕ್ಟ್ ಮಾಡು. ರನ್‌ಟೈಮ್ ಒಳಗೆ ಇಳಿದರೆ ಆರು ತಿಂಗಳು ಎಲ್ಲಿ ಹೋಯಿತು ಅಂತ ಗೊತ್ತಾಗಲ್ಲ. ಈ ಜ್ಞಾನ ಕೇಳುವ ಕಂಪನಿಗಳು ನಮ್ಮ ಕಡೆ ಎಷ್ಟಿವೆ ಹೇಳಿ. ಪೇಜ್ ಲೋಡ್ ಆಗಬೇಕು, ರಿಪೋರ್ಟ್ ಬರಬೇಕು, ಗ್ರಾಹಕ ಕೇಳುವುದು ಅಷ್ಟೇ.

ಸಪ್ತಾಪುರ_ಅಕ್ಕ:
ಗೋಕುಲರೋಡ್ ಅವರೇ, ಅವನ ಮೆಮೊರಿ ಸಮಸ್ಯೆಯೂ ಗ್ರಾಹಕನ ಸಮಸ್ಯೆಯೇ ಅಲ್ವಾ? ಅಂಗಡಿಯ ಕಂಪ್ಯೂಟರ್‌ನಲ್ಲಿ 4 ಜಿಬಿ ರ‍್ಯಾಮ್ ಇರುತ್ತದೆ. ಅದು ತುಂಬಿ ನಿಂತರೆ ಜಾಂಗೋ ಗೊತ್ತಿದ್ದೂ ಏನು ಮಾಡುತ್ತೀರಿ?

ತಮ್ಮಾ, ಸೋರ್ಸನ್ನು ಮೊದಲ ಪುಟದಿಂದ ಓದಬೇಡ. ಯಾರೂ ಹಾಗೆ ಓದಲ್ಲ. ಒಂದು ಸಣ್ಣ ಪ್ರಶ್ನೆ ಹಿಡಿ, ಪೈಥಾನ್‌ನಲ್ಲೇ ಇರುವ ಸಾಧನದಿಂದ ನೋಡು. ಅದು ಸಾಲದು ಅನ್ನಿಸಿದಾಗ ಮಾತ್ರ ಸಿ ಫೈಲ್ ತೆರೆ.

ಮೊದಲ ಸಾಧನ ಡಿಸ್ ಮಾಡ್ಯೂಲ್. ಪೈಥಾನ್ ನಮ್ಮ ಕೋಡನ್ನು ಒಳಗೆ ಯಾವ ಸೂಚನೆಗಳಾಗಿ ಮಾಡಿಕೊಂಡಿದೆ ಅಂತ ಅದು ತೋರಿಸುತ್ತದೆ. ಎ, ಬಿ ಎರಡನ್ನು ಕೂಡಿಸಿ ರಿಟರ್ನ್ ಮಾಡುವ ಎರಡು ಸಾಲಿನ ಫಂಕ್ಷನ್ ಬರೆದು ಅದನ್ನು ಡಿಸ್‌ಗೆ ಕೊಡು. ನಿನ್ನ 3.12 ರಲ್ಲಿ ರೆಸ್ಯೂಮ್, ಲೋಡ್ ಫಾಸ್ಟ್ ಎ, ಲೋಡ್ ಫಾಸ್ಟ್ ಬಿ, ಬೈನರಿ ಆಪ್, ರಿಟರ್ನ್ ವ್ಯಾಲ್ಯೂ ಅಂತ ಐದು ಸಾಲು ಬರುತ್ತದೆ. ಇದೇ ಬೈಟ್‌ಕೋಡ್. ಎ ಸ್ಟ್ಯಾಕ್ (ಒಂದರ ಮೇಲೊಂದು ಪೇರಿಸುವ ಜಾಗ) ಮೇಲೆ ಬಂತು, ಅದರ ಮೇಲೆ ಬಿ ಬಂತು. ಬೈನರಿ ಆಪ್ ಎರಡನ್ನೂ ತೆಗೆದು ಮೊತ್ತ ಇಟ್ಟಿತು. ರಿಟರ್ನ್ ಅದನ್ನು ಎತ್ತಿಕೊಂಡು ಹೋಯಿತು. ಈ ಐದು ಸಾಲನ್ನು ಕಾಗದದ ಮೇಲೆ ಸ್ಟ್ಯಾಕ್ ಬರೆದುಕೊಂಡು ಕೈಯಲ್ಲೇ ನಡೆಸು. ಆಮೇಲೆ ಒಂದು ಫಾರ್ ಲೂಪ್‌ಗೆ ಮಾಡು. ಅಷ್ಟಾದ ಮೇಲೆ ಪೈಥಾನ್ ಫೋಲ್ಡರಿನ ಬೈಟ್‌ಕೋಡ್ಸ್ ಡಾಟ್ ಸಿ ಫೈಲ್ ತೆರೆದು ಬೈನರಿ ಆಪ್ ಅಂತ ಹುಡುಕು. ಕಾಗದದಲ್ಲಿ ಬರೆದದ್ದೇ ಅಲ್ಲಿ ಕಾಣುತ್ತದೆ, ಭಯ ಹೋಗುತ್ತದೆ.

ಬೆಟಗೇರಿಯವ:
ಅಂದರೆ ಪೈಥಾನ್ ಕಂಪೈಲ್ ಆಗುತ್ತದಾ? ನಮಗೆ ಕಾಲೇಜಿನಲ್ಲಿ ಇಂಟರ್‌ಪ್ರಿಟೆಡ್, ಸಾಲು ಸಾಲಾಗಿ ಓದಿ ನಡೆಸುತ್ತದೆ ಅಂತಲೇ ಬರೆಸಿದ್ದರು.

ಸಪ್ತಾಪುರ_ಅಕ್ಕ:
ಎರಡೂ ನಡೆಯುತ್ತದೆ. ಮೊದಲು ಇಡೀ ಫೈಲ್ ಬೈಟ್‌ಕೋಡ್ ಆಗುತ್ತದೆ. ಆಮೇಲೆ ಇಂಟರ್‌ಪ್ರಿಟರ್ ಲೂಪ್ ಅದನ್ನು ಒಂದೊಂದೇ ಸೂಚನೆಯಂತೆ ನಡೆಸುತ್ತದೆ. ನೋಡಬೇಕು ಅಂದರೆ ಫೈಲಿನ ಮೊದಲ ಸಾಲಿನಲ್ಲಿ ಪ್ರಿಂಟ್ ಹಾಕಿ, ಕೊನೆಯ ಸಾಲಿನಲ್ಲಿ ಬ್ರ್ಯಾಕೆಟ್ ಮುಚ್ಚದೆ ಬಿಡಿ. ಮೊದಲ ಪ್ರಿಂಟ್ ಕೂಡ ಆಗಲ್ಲ, ನೇರ ಸಿಂಟ್ಯಾಕ್ಸ್ ಎರರ್ ಬರುತ್ತದೆ. ಸಾಲು ಸಾಲಾಗಿ ಓದುತ್ತಿದ್ದರೆ ಮೊದಲ ಸಾಲಾದರೂ ನಡೆಯಬೇಕಿತ್ತು. ನೀವು ಇಂಪೋರ್ಟ್ ಮಾಡುವ ಫೈಲುಗಳ ಬೈಟ್‌ಕೋಡ್ ಪೈಕ್ಯಾಶ್ ಫೋಲ್ಡರಿನಲ್ಲಿ ಪಿವೈಸಿ ಆಗಿ ಕೂತಿರುತ್ತದೆ.

ಬೆಟಗೇರಿಯವ:
ಈಗಲೇ ಮಾಡಿ ನೋಡಿದೆ. ಹೌದು, ಪ್ರಿಂಟ್ ಆಗಲೇ ಇಲ್ಲ! ಇಷ್ಟು ಸರಳ ಪ್ರಯೋಗವನ್ನು ಕ್ಲಾಸಿನಲ್ಲಿ ತೋರಿಸಬಹುದಿತ್ತು.

ಮಿರ್ಚಿ_ಗಿರ್ಮಿಟ್:
ನನ್ನ ಬಳಿ 3.13 ಇದೆ. ಅದೇ ಫಂಕ್ಷನ್ ಕೊಟ್ಟರೆ ಎರಡು ಲೋಡ್ ಸೇರಿ ಒಂದೇ ಲೋಡ್ ಫಾಸ್ಟ್ ಲೋಡ್ ಫಾಸ್ಟ್ ಅಂತ ಬಂತು. ನನ್ನ ಇನ್‌ಸ್ಟಾಲ್ ಹಾಳಾಗಿದೆಯಾ?

ಉಣಕಲ್_ಕೆರೆ:
ಇಲ್ಲ, ಸರಿಯಾಗಿಯೇ ಇದೆ. ಜೊತೆಜೊತೆಗೆ ಬರುವ ಸೂಚನೆಗಳನ್ನು ಸೇರಿಸಿ ಒಂದು ಮಾಡಿದ್ದಾರೆ, ಲೂಪ್ ಒಂದು ಸುತ್ತು ಕಡಿಮೆ ತಿರುಗುತ್ತದೆ. ಬೈಟ್‌ಕೋಡ್ ಪ್ರತಿ ಆವೃತ್ತಿಗೂ ಬದಲಾಗುತ್ತದೆ. 3.10 ರಲ್ಲಿ ಕೂಡಿಸುವುದಕ್ಕೆ ಬೈನರಿ ಆಡ್ ಅಂತ ಬೇರೆ ಸೂಚನೆಯೇ ಇತ್ತು. ಹಳೆಯ ವಿಡಿಯೋ ನೋಡಿ ಕಲಿಯುವವರು ಮೊದಲು ಅದರಲ್ಲಿ ಯಾವ ಆವೃತ್ತಿ ಅಂತ ನೋಡಿಕೊಳ್ಳಿ.

ಇನ್ನೊಂದು ಮಜಾ ಇದೆ. ಆ ಫಂಕ್ಷನ್ನನ್ನು ಪೂರ್ಣಾಂಕ ಕೊಟ್ಟು ಸುಮಾರು ಸಲ ಓಡಿಸಿ. ಆಮೇಲೆ ಡಿಸ್‌ಗೆ ಅಡಾಪ್ಟಿವ್ ಟ್ರೂ ಅಂತ ಕೊಟ್ಟು ನೋಡಿ. ಬೈನರಿ ಆಪ್ ಇದ್ದ ಜಾಗದಲ್ಲಿ ಬೈನರಿ ಆಪ್ ಆಡ್ ಇಂಟ್ ಬಂದಿರುತ್ತದೆ. ಇಲ್ಲಿ ಯಾವಾಗಲೂ ಪೂರ್ಣಾಂಕವೇ ಬರುತ್ತಿದೆ ಅಂತ ಇಂಟರ್‌ಪ್ರಿಟರ್ ಗಮನಿಸಿ, ಅದಕ್ಕೆ ತಕ್ಕ ಹತ್ತಿರದ ದಾರಿ ಹಾಕಿಕೊಂಡಿದೆ. ಆಮೇಲೆ ಸ್ಟ್ರಿಂಗ್ ಕೊಟ್ಟರೂ ತಪ್ಪು ಉತ್ತರ ಬರಲ್ಲ. ಮೊದಲು ಪರೀಕ್ಷೆ ಮಾಡಿ, ಪೂರ್ಣಾಂಕ ಅಲ್ಲದಿದ್ದರೆ ಹಳೆಯ ದಾರಿಗೇ ಹೋಗುತ್ತದೆ. ಇದು 3.11 ರಲ್ಲಿ ಬಂದದ್ದು. ಆ ಆವೃತ್ತಿ 3.10 ಕ್ಕಿಂತ ಸರಾಸರಿ 25% ವೇಗ ಆಗಿದ್ದರಲ್ಲಿ ಇದರ ಪಾಲು ದೊಡ್ಡದು.

ಲೈನ್‌ಬಜಾರ್:
ನಾನು ಕಾಲೇಜಿನಲ್ಲಿ ಪಾಠ ಮಾಡುವವನು. ಹುಡುಗನ ಮೊದಲ ಪ್ರಶ್ನೆಯನ್ನು ಯಾರೂ ಮುಟ್ಟಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಸಿಪೈಥಾನ್‌ನಲ್ಲಿ ಪ್ರತಿ ವಸ್ತುವಿನ ತಲೆಯಲ್ಲೂ ಒಂದು ಎಣಿಕೆ ಇರುತ್ತದೆ, ನನ್ನನ್ನು ಎಷ್ಟು ಕಡೆಯಿಂದ ಹಿಡಿದಿದ್ದಾರೆ ಅಂತ. ಅದೇ ರೆಫರೆನ್ಸ್ ಕೌಂಟ್. ಡೆಲ್ ವಸ್ತುವನ್ನು ಅಳಿಸುವುದಿಲ್ಲ. ಹೆಸರನ್ನು ಮಾತ್ರ ಬಿಡಿಸುತ್ತದೆ, ಎಣಿಕೆ ಒಂದು ಇಳಿಯುತ್ತದೆ. ಸೊನ್ನೆಗೆ ಬಂದಾಗ ಆ ಕ್ಷಣವೇ ವಸ್ತು ಹೋಗುತ್ತದೆ. ಲಿಸ್ಟ್ ಹೋದಾಗ ಅದರೊಳಗಿನ ಪ್ರತಿ ಡಿಕ್ಷನರಿಯ ಎಣಿಕೆಯೂ ಇಳಿಯುತ್ತದೆ, ಅವೂ ಹೋಗುತ್ತವೆ. ಹಾಗಾಗಿ ತಮ್ಮಾ, ಆ ಡಿಕ್ಷನರಿಗಳನ್ನು ಬೇರೆ ಯಾರೂ ಹಿಡಿದಿಲ್ಲದಿದ್ದರೆ ಡೆಲ್ ಆದ ಕೂಡಲೇ ಎಲ್ಲವೂ ನಿಜವಾಗಿ ಹೋಗಿವೆ.

ಮತ್ತೆ ಟಾಪ್‌ನಲ್ಲಿ ಯಾಕೆ ಇಳಿಯಲಿಲ್ಲ? 512 ಬೈಟ್ ಅಥವಾ ಅದಕ್ಕಿಂತ ಸಣ್ಣ ಜಾಗ ಬೇಕಾದಾಗಲೆಲ್ಲ ಪೈಥಾನ್ ಆಪರೇಟಿಂಗ್ ಸಿಸ್ಟಮ್ ಹತ್ತಿರ ಹೋಗುವುದಿಲ್ಲ. ಅರೀನಾ ಅಂತ ದೊಡ್ಡ ತುಂಡನ್ನು ಒಮ್ಮೆಗೇ ತಗೊಂಡು, ತಾನೇ ಹಂಚುತ್ತದೆ. 3.10 ರಿಂದ 64 ಬಿಟ್ ಯಂತ್ರದಲ್ಲಿ ಒಂದು ಅರೀನಾ 1 ಎಂಬಿ, ಮೊದಲು 256 ಕೆಬಿ ಇತ್ತು. ಒಂದು ಅರೀನಾದೊಳಗಿನ ಎಲ್ಲವೂ ಖಾಲಿಯಾದರೆ ಮಾತ್ರ ಅದು ಸಿಸ್ಟಮ್‌ಗೆ ವಾಪಸ್ ಹೋಗುತ್ತದೆ. ನಿಮ್ಮ ಮಾವ ಬಾಡಿಗೆಗೆ ಹಿಡಿದ ಗೋದಾಮಿನಲ್ಲಿ ಒಂದು ಚೀಲ ಉಳಿದರೂ ಬೀಗದ ಕೈ ಮಾಲೀಕನಿಗೆ ಕೊಡಲು ಆಗಲ್ಲ ಅಲ್ವಾ, ಹಾಗೆ. ನಿನ್ನ ಪ್ರೋಗ್ರಾಮಿನಲ್ಲಿ ಸಾಲುಗಳನ್ನು ಓದುವಾಗಲೇ ತಿಂಗಳವಾರು ಮೊತ್ತದ ವಸ್ತುಗಳೂ ಹುಟ್ಟುತ್ತಿವೆ. ಅವು ಅಲ್ಲಲ್ಲಿ ಕೂತು ಅರೀನಾಗಳನ್ನು ಹಿಡಿದಿಟ್ಟಿರುತ್ತವೆ. ಆದರೆ ಆ ಖಾಲಿ ಜಾಗ ವ್ಯರ್ಥ ಅಲ್ಲ. ಅದೇ ಪ್ರೋಗ್ರಾಮ್ ಮುಂದಿನ ಫೈಲ್ ಓದಿದರೆ ಮೊದಲು ಅದನ್ನೇ ಬಳಸುತ್ತದೆ.

ಹಾವೇರಿ_ಏಲಕ್ಕಿ:
ಸರ್, ಎಣಿಕೆ ಸೊನ್ನೆಗೆ ಬಂದರೆ ಹೋಗುತ್ತದೆ ಅಂದರೆ ಜಿಸಿ (ಗಾರ್ಬೇಜ್ ಕಲೆಕ್ಟರ್, ಬೇಡದ ವಸ್ತು ತೆಗೆಯುವ) ಮಾಡ್ಯೂಲ್ ಯಾಕೆ ಬೇಕು?

ಲೈನ್‌ಬಜಾರ್:
ಎರಡು ವಸ್ತುಗಳು ಒಂದನ್ನೊಂದು ಹಿಡಿದುಕೊಂಡಿದ್ದರೆ? ಹೊರಗಿನಿಂದ ಯಾರೂ ಹಿಡಿದಿಲ್ಲ, ಆದರೂ ಎರಡರ ಎಣಿಕೆಯೂ ಸೊನ್ನೆ ಆಗಲ್ಲ. ಅಂಥ ಸುತ್ತುಗಳನ್ನು ಹುಡುಕಿ ತೆಗೆಯುವುದು ಜಿಸಿ ಕೆಲಸ. ಅದನ್ನು ಆಫ್ ಮಾಡಿದರೂ ಎಣಿಕೆ ನಡೆಯುತ್ತಲೇ ಇರುತ್ತದೆ.

ಮಿರ್ಚಿ_ಗಿರ್ಮಿಟ್:
ಸಿಸ್ ಮಾಡ್ಯೂಲಿನ ಗೆಟ್ ರೆಫ್ ಕೌಂಟ್ ಹಾಕಿದೆ. ಹೊಸ ಲಿಸ್ಟಿಗೆ 2 ಬಂತು. ಒಂದೇ ಹೆಸರು ಕೊಟ್ಟಿದ್ದೆ, 1 ಬರಬೇಕಿತ್ತಲ್ಲ?

ಸಪ್ತಾಪುರ_ಅಕ್ಕ:
ಕೇಳಲು ಹೋದ ಫಂಕ್ಷನ್ ಕೂಡ ಅದನ್ನು ಹಿಡಿದಿರುತ್ತದೆ, ಅದರದ್ದು ಒಂದು.

ಉಣಕಲ್_ಕೆರೆ:
ಅಕ್ಕ, ಒಂದು ಸೇರಿಸುತ್ತೇನೆ. 3.14 ರಲ್ಲಿ ಫಂಕ್ಷನ್ ಒಳಗಿನ ಲೋಕಲ್ ಹೆಸರಿಗೆ ಇದನ್ನೇ ಕೇಳಿದರೆ ಕಡಿಮೆ ಬರಬಹುದು. ಸ್ಟ್ಯಾಕ್ ಮೇಲೆ ಇಡುವಾಗ ಎಣಿಕೆ ಏರಿಸದೆ ಎರವಲು ತಗೊಳ್ಳುವ ಸೂಚನೆ ತಂದಿದ್ದಾರೆ. ಇನ್ನು ನನ್ ಎಂಬ ವಸ್ತುವಿನ ಎಣಿಕೆ ಕೇಳಿ ನೋಡಿ. 3.12 ರಲ್ಲಿ 4294967295 ಬರುತ್ತದೆ. ನಿಜವಾಗಿ ಅಷ್ಟು ಕಡೆ ಹಿಡಿದಿಲ್ಲ. ನನ್, ಟ್ರೂ, ಫಾಲ್ಸ್, ಸಣ್ಣ ಪೂರ್ಣಾಂಕ ಇವೆಲ್ಲ ಪ್ರೋಗ್ರಾಮ್ ಮುಗಿಯುವವರೆಗೂ ಇರುವಂಥವು. ಅವುಗಳ ಎಣಿಕೆ ಏರಿಸಿ ಇಳಿಸುವ ಕೆಲಸವನ್ನೇ ಆ ಆವೃತ್ತಿಯಲ್ಲಿ ನಿಲ್ಲಿಸಿದರು.

ಬೆಟಗೇರಿಯವ:
ಸಣ್ಣ ಪೂರ್ಣಾಂಕ ಅಂದಿರಲ್ಲ, ಆ 256, 257 ಕಥೆ ಇದೇನಾ? ಇಂಟರ್‌ವ್ಯೂನಲ್ಲಿ ಕೇಳುತ್ತಾರೆ. ಎ, ಬಿ ಎರಡಕ್ಕೂ 256 ಕೊಟ್ಟು ಈಸ್ (ಎರಡೂ ಒಂದೇ ವಸ್ತುವಾ ಅಂತ ಕೇಳುವುದು) ಹಾಕಿದರೆ ಟ್ರೂ, 257 ಕೊಟ್ಟರೆ ಫಾಲ್ಸ್.

ಟೋಲ್‌ನಾಕಾ:
ತಪ್ಪು. ನಾನು ಫೈಲಿನಲ್ಲಿ ಬರೆದು ಓಡಿಸಿದೆ, 257 ಕ್ಕೂ ಟ್ರೂ ಬಂತು.

ಬೆಟಗೇರಿಯವ:
ನನಗೆ ಫಾಲ್ಸ್ ಬಂದಿದೆ, ಸುಮ್ನೆ ಹೇಳುತ್ತಿಲ್ಲ. ಸ್ಕ್ರೀನ್ ಮುಂದೆಯೇ ಇದೆ.

ಸಪ್ತಾಪುರ_ಅಕ್ಕ:
ಇಬ್ಬರದ್ದೂ ಸರಿ, ಜಗಳ ಬೇಡ. ಮೈನಸ್ 5 ರಿಂದ 256 ರವರೆಗಿನ ಸಂಖ್ಯೆಗಳನ್ನು ನಿಮ್ಮ ಆವೃತ್ತಿಗಳು ಶುರುವಿನಲ್ಲೇ ಮಾಡಿ ಇಟ್ಟುಕೊಂಡಿರುತ್ತವೆ. 257 ಅದರಲ್ಲಿಲ್ಲ. ಬೆಟಗೇರಿಯವರು ಪ್ರಾಂಪ್ಟ್‌ನಲ್ಲಿ ಒಂದೊಂದೇ ಸಾಲು ಟೈಪ್ ಮಾಡಿದ್ದಾರೆ, ಪ್ರತಿ ಸಾಲೂ ಬೇರೆ ಬೇರೆಯಾಗಿ ಕಂಪೈಲ್ ಆಗಿದೆ. ಟೋಲ್‌ನಾಕಾ ಅವರ ಫೈಲ್ ಒಟ್ಟಿಗೆ ಕಂಪೈಲ್ ಆಗಿದೆ. ಒಂದೇ ಕೋಡ್ ಆಬ್ಜೆಕ್ಟ್ (ಒಟ್ಟಿಗೆ ಕಂಪೈಲ್ ಆದ ತುಂಡು) ಒಳಗೆ ಎರಡು 257 ಬಂದರೆ ಕಂಪೈಲರ್ ಒಂದನ್ನೇ ಇಟ್ಟುಕೊಳ್ಳುತ್ತದೆ. ಮೊದಲೇ ಹೇಳಿದೆನಲ್ಲ, ಇಡೀ ಫೈಲ್ ಮೊದಲು ಬೈಟ್‌ಕೋಡ್ ಆಗುತ್ತದೆ ಅಂತ, ಅದರ ಫಲ ಇದು. ಕೋಡ್ ಬರೆಯುವಾಗ ಮಾತ್ರ ಸಂಖ್ಯೆಗೆ ಈಸ್ ಹಾಕಬೇಡಿ, ಎರಡು ಈಕ್ವಲ್ ಹಾಕಿ.

ಗೋಕುಲರೋಡ್:
ನೋಡ್ರಿ, ಇದೇ ನಾನು ಹೇಳಿದ್ದು. ಈಸ್ ಹಾಕಬೇಡಿ ಅಂತ ಒಂದು ಸಾಲಿನಲ್ಲಿ ಹೇಳಿದರೆ ಕೆಲಸ ಮುಗಿಯುತ್ತಿತ್ತು.

ಉಣಕಲ್_ಕೆರೆ:
ಕೆಲಸ ಮುಗಿಯುತ್ತಿತ್ತು, ತಿಳಿಯುತ್ತಿರಲಿಲ್ಲ. ಒಂದೇ ಪ್ರೋಗ್ರಾಮ್ ಇಬ್ಬರಿಗೆ ಎರಡು ಉತ್ತರ ಕೊಟ್ಟಿತು. ಇಲ್ಲಿ ಐದು ನಿಮಿಷದಲ್ಲಿ ಬಗೆಹರಿಯಿತು. ನಾನು ಕೆಲಸ ಮಾಡುವ ಕಡೆ ಇಂಥದ್ದೇ ಒಂದನ್ನು ಹಿಡಿಯಲು ಇಡೀ ತಂಡ ವಾರಗಟ್ಟಲೆ ಕೂತಿದೆ. ಡಿಬಗ್ ಮಾಡಲು ಕೂತಾಗ ಈ ಜ್ಞಾನಕ್ಕೆ ಬೆಲೆ ಬರುತ್ತದೆ. ಇಂಟರ್‌ವ್ಯೂಗೆ ಬೇಕೋ ಬೇಡವೋ, ನನಗೆ ಅದು ಮುಖ್ಯ ಅಲ್ಲ.

ಗೋಕುಲರೋಡ್:
ಡಿಬಗ್ ಮಾತು ಒಪ್ಪುತ್ತೇನೆ. ಆದರೂ ಎಸ್‌ಕ್ಯೂಎಲ್ ಮೊದಲು. ಅದನ್ನು ಬಿಡಲ್ಲ.

ಚಿಗರಿ_ಬಸ್ಸು:
ಜಿಐಎಲ್ ಬಗ್ಗೆ ಇನ್ನೂ ಯಾರೂ ಹೇಳಿಲ್ಲ. ಬಸ್ಸಿನಲ್ಲಿ ಕೂತೇ ಇಷ್ಟೂ ಓದಿದೆ, ನವನಗರ ಬಂತು. ಬೇಗ ಬರೆಯಿರಿ.

ಉಣಕಲ್_ಕೆರೆ:
ಸರ್ ಹೇಳಿದ ಎಣಿಕೆಯನ್ನೇ ಹಿಡಿದುಕೊಳ್ಳಿ. ಎಣಿಕೆ ಏರಿಸುವುದು ಅಂದರೆ ಮೆಮೊರಿಯಿಂದ ಓದಬೇಕು, ಒಂದು ಕೂಡಿಸಬೇಕು, ಮತ್ತೆ ಬರೆಯಬೇಕು. ಒಂದೇ ವಸ್ತುವಿನ ಎಣಿಕೆಯನ್ನು ಎರಡು ಥ್ರೆಡ್ ಒಟ್ಟಿಗೆ ಏರಿಸಲು ಹೋದರೆ ಇಬ್ಬರೂ 5 ಅಂತ ಓದಿ ಇಬ್ಬರೂ 6 ಅಂತ ಬರೆಯಬಹುದು. ಆಗಬೇಕಿದ್ದದ್ದು 7. ಮುಂದೆ ಒಂದು ದಿನ, ಒಬ್ಬರು ಇನ್ನೂ ಹಿಡಿದಿರುವಾಗಲೇ ಎಣಿಕೆ ಸೊನ್ನೆಯಾಗಿ ವಸ್ತು ಮಾಯ, ಪ್ರೋಗ್ರಾಮ್ ಕ್ರ್ಯಾಶ್. ಇದನ್ನು ತಡೆಯಲು ಇಡೀ ಇಂಟರ್‌ಪ್ರಿಟರ್‌ಗೆ ಒಂದೇ ಲಾಕ್. ಬೈಟ್‌ಕೋಡ್ ನಡೆಸುವ ಥ್ರೆಡ್ ಕೈಯಲ್ಲಿ ಅದು ಇರಲೇಬೇಕು. ಬೇರೆ ಥ್ರೆಡ್ ಕಾಯುತ್ತಿದ್ದರೆ 5 ಮಿಲಿಸೆಕೆಂಡ್ ಆದ ಮೇಲೆ ಬಿಟ್ಟುಕೊಡಲು ಕೇಳುತ್ತದೆ. ಸಿಸ್ ಮಾಡ್ಯೂಲಿನ ಗೆಟ್ ಸ್ವಿಚ್ ಇಂಟರ್ವಲ್ ಹಾಕಿದರೆ 0.005 ಅಂತ ಬರುವುದು ಅದೇ.

ಹಾಗಂತ ಥ್ರೆಡ್ ಉಪಯೋಗವೇ ಇಲ್ಲ ಅಂತಲ್ಲ. ನೆಟ್‌ವರ್ಕ್‌ಗೆ, ಡಿಸ್ಕ್‌ಗೆ ಕಾಯುವಾಗ ಲಾಕ್ ಬಿಟ್ಟೇ ಕಾಯುತ್ತದೆ. ಬ್ಯಾಡಗಿ ಹುಡುಗನ ಕೆಲಸ ಹಾಗಲ್ಲ. ಸಾಲು ಒಡೆಯುವುದು, ಸಂಖ್ಯೆ ಮಾಡುವುದು, ಕೂಡಿಸುವುದು, ಎಲ್ಲ ಬೈಟ್‌ಕೋಡ್. ನಾಲ್ಕು ಥ್ರೆಡ್ ಒಂದೇ ಲಾಕ್‌ಗೆ ಸರದಿ ನಿಂತಿವೆ.

ಟೋಲ್‌ನಾಕಾ:
ಆ ಲಾಕ್ ತೆಗೆದಿದ್ದಾರಲ್ಲ ಈಗ.

ಉಣಕಲ್_ಕೆರೆ:
ಪೂರ್ತಿ ತೆಗೆದಿಲ್ಲ. ಲಾಕ್ ಇಲ್ಲದ ಬೇರೆ ಬಿಲ್ಡ್ ಇದೆ. 2016 ರಲ್ಲಿ ಲ್ಯಾರಿ ಹೇಸ್ಟಿಂಗ್ಸ್ ಒಂದು ಪ್ರಯತ್ನ ಮಾಡಿದ್ದರು. ಲಾಕ್ ಹೋಯಿತು, ಆದರೆ ಪೈಥಾನ್ ತುಂಬಾ ನಿಧಾನ ಆಯಿತು. ಆಮೇಲೆ ಸ್ಯಾಮ್ ಗ್ರಾಸ್ ಬೇರೆ ದಾರಿ ತಂದರು. ವಸ್ತುವನ್ನು ಹುಟ್ಟಿಸಿದ ಥ್ರೆಡ್‌ಗೆ ಒಂದು ಎಣಿಕೆ, ಉಳಿದವರಿಗೆ ಇನ್ನೊಂದು. ಹೆಚ್ಚಿನ ವಸ್ತುಗಳನ್ನು ಹುಟ್ಟಿಸಿದ ಥ್ರೆಡ್ಡೇ ಬಳಸುವುದರಿಂದ ಖರ್ಚು ಕಡಿಮೆ. 2024 ರ 3.13 ರಲ್ಲಿ ಪ್ರಯೋಗಕ್ಕೆ ಅಂತ ಬಂತು, 2025 ರ 3.14 ರಲ್ಲಿ ಅಧಿಕೃತ ಬೆಂಬಲ ಸಿಕ್ಕಿತು. ಆದರೂ ನಾವು ಸಾಮಾನ್ಯವಾಗಿ ಹಾಕಿಕೊಳ್ಳುವ ಪೈಥಾನ್‌ನಲ್ಲಿ ಲಾಕ್ ಇದ್ದೇ ಇದೆ. ಲಾಕ್ ಇಲ್ಲದ 3.14 ಬಿಲ್ಡ್ ಒಂದೇ ಥ್ರೆಡ್‌ನಲ್ಲಿ ಸುಮಾರು 5 ರಿಂದ 10% ನಿಧಾನ.

ಹಾವೇರಿ_ಏಲಕ್ಕಿ:
ನಾನು ಜಾವಾದವಳು. ಜಾವಾದಲ್ಲಿ ಈ ಎಣಿಕೆಯೇ ಇಲ್ಲ. ಜಿಸಿ ಬಂದು ಪ್ರೋಗ್ರಾಮಿನಿಂದ ಯಾವುದನ್ನು ತಲುಪಲು ಆಗುತ್ತದೋ ಅದನ್ನು ಗುರುತು ಮಾಡಿ, ಉಳಿದದ್ದನ್ನು ತೆಗೆಯುತ್ತದೆ. ಬೈಟ್‌ಕೋಡ್ ನೋಡಲು ಜಾವಾಪಿ ಮೈನಸ್ ಸಿ. ಅದೂ ಸ್ಟ್ಯಾಕ್ ಮೇಲೆಯೇ ನಡೆಯುತ್ತದೆ, ಐಲೋಡ್, ಐಆಡ್, ಐರಿಟರ್ನ್. ಒಂದು ಗೊತ್ತಾದರೆ ಇನ್ನೊಂದು ಸುಲಭ.

ಚಿಗರಿ_ಬಸ್ಸು:
ಭಾನುವಾರ ಧಾರವಾಡದಲ್ಲಿ ಸೇರಿ ಕೂತು ಮಾಡೋಣವಾ? ಲೈನ್ ಬಜಾರಿನಲ್ಲಿ ಪೇಡೆ ನನ್ನದು.

ಮಿರ್ಚಿ_ಗಿರ್ಮಿಟ್:
ಹುಬ್ಬಳ್ಳಿಯಲ್ಲಿ ಮಾಡಿ. ಗದಗ, ಹಾವೇರಿಯವರಿಗೆ ರೈಲು ಇಳಿದರೆ ಆಯಿತು. ಧಾರವಾಡ ಅಂದರೆ ಅವರಿಗೆ ಮತ್ತೆ ಒಂದು ಬಸ್ಸು. ಗಿರ್ಮಿಟ್ ನಾನು ಕೊಡಿಸುತ್ತೇನೆ.

ಬೆಟಗೇರಿಯವ:
ಹುಬ್ಬಳ್ಳಿಗೆ ನನ್ನ ವೋಟು. ಲ್ಯಾಪ್‌ಟಾಪ್ ಚಾರ್ಜಿಂಗ್‌ಗೆ ಜಾಗ ಇರುವ ಕಡೆ ನೋಡಿ.

ಬ್ಯಾಡಗಿ_ಹುಡುಗ:
ಎಲ್ಲರಿಗೂ ತುಂಬಾ ಧನ್ಯವಾದ. ಅಕ್ಕ ಹೇಳಿದ ಹಾಗೆ ಕಾಗದದಲ್ಲಿ ಫಾರ್ ಲೂಪ್ ನಡೆಸಿದೆ, ಕೂತಿತು. ಲೈನ್‌ಬಜಾರ್ ಸರ್ ಹೇಳಿದ್ದನ್ನೂ ಪರೀಕ್ಷೆ ಮಾಡಿದೆ. ಫೈಲ್ ಓದಿ ಡೆಲ್ ಮಾಡಿ, ಅದೇ ಪ್ರೋಗ್ರಾಮಿನಲ್ಲಿ ಮತ್ತೆ ಅದೇ ಫೈಲ್ ಓದಿಸಿದೆ. ಟಾಪ್‌ನಲ್ಲಿ ಮೆಮೊರಿ ಎರಡರಷ್ಟು ಆಗಲಿಲ್ಲ, ಮೊದಲಿದ್ದಷ್ಟೇ ನಿಂತಿತು. ಖಾಲಿ ಜಾಗವನ್ನೇ ಬಳಸುತ್ತಿದೆ!

ಆಮೇಲೆ ಟ್ರೇಸ್ ಮ್ಯಾಲಾಕ್ ಹಾಕಿ ಯಾವ ಸಾಲು ಜಾಸ್ತಿ ತಿನ್ನುತ್ತಿದೆ ನೋಡಿದೆ. ಡಿಕ್ಷನರಿ ಹುಟ್ಟುವ ಸಾಲೇ ಮೇಲೆ ಇತ್ತು. ಎಲ್ಲ ಸಾಲಿಗೂ ಕಾಲಂ ಹೆಸರು ಒಂದೇ ಇರುವಾಗ ಡಿಕ್ಷನರಿ ಯಾಕೆ ಅಷ್ಟು ದೊಡ್ಡದು?

ಲೈನ್‌ಬಜಾರ್:
ಒಳ್ಳೆಯ ಪ್ರಯೋಗ. ಕಾಲಂ ಹೆಸರಿನ ಸ್ಟ್ರಿಂಗ್ ಒಂದೇ ಇರುತ್ತದೆ, ಅದು ಹಂಚಿಕೆಯಾಗಿದೆ. ಆದರೆ ಹೀಗೆ ಮಾಡಿದ ಪ್ರತಿ ಡಿಕ್ಷನರಿಯೂ ತನ್ನದೇ ಹ್ಯಾಶ್ ಟೇಬಲ್ (ಕೀಲಿಯನ್ನು ಬೇಗ ಹುಡುಕುವ ಕೋಷ್ಟಕ) ಇಟ್ಟುಕೊಂಡಿರುತ್ತದೆ. ಅದರಲ್ಲಿ ಖಾಲಿ ಜಾಗವೂ ಇರಬೇಕು, ಇಲ್ಲದಿದ್ದರೆ ಹುಡುಕುವುದು ನಿಧಾನ. ಒಂದು ಕ್ಲಾಸ್ ಮಾಡಿ ಸ್ಲಾಟ್ಸ್ (ಕಾಲಂ ಹೆಸರುಗಳ ಸ್ಥಿರ ಪಟ್ಟಿ) ಕೊಡು, ಪ್ರತಿ ಸಾಲಿಗೂ ಆ ಟೇಬಲ್ ಹೋಗುತ್ತದೆ. ಇನ್ನೂ ಒಳ್ಳೆಯದು, ಸಾಲುಗಳನ್ನು ಕೂಡಿಡಲೇ ಬೇಡ. ಜನರೇಟರ್ ಮಾಡಿ ಒಂದು ಸಾಲು ಓದು, ತಿಂಗಳ ಮೊತ್ತಕ್ಕೆ ಸೇರಿಸು, ಬಿಡು. ಮುಂದಿನ ಸಾಲು ಬಂದ ಕೂಡಲೇ ಹಿಂದಿನದರ ಎಣಿಕೆ ಸೊನ್ನೆ.

ಸಪ್ತಾಪುರ_ಅಕ್ಕ:
ಗೆಟ್ ಸೈಜ್ ಆಫ್ ಬಳಸುವಾಗ ಒಂದು ನೆನಪಿಡು. ಅದು ಲಿಸ್ಟಿನ ಗಾತ್ರ ಮಾತ್ರ ಹೇಳುತ್ತದೆ, ಒಳಗಿನ ವಸ್ತುಗಳದ್ದಲ್ಲ. 64 ಬಿಟ್ ಯಂತ್ರದಲ್ಲಿ ಲಿಸ್ಟ್ ಅಂದರೆ ತಲಾ 8 ಬೈಟಿನ ವಿಳಾಸಗಳ ಸಾಲು. ಒಂದು ಸಣ್ಣ ಪೂರ್ಣಾಂಕಕ್ಕೆ ಬೇರೆ 28 ಬೈಟ್. ಹತ್ತು ಲಕ್ಷ ಬೇರೆ ಬೇರೆ ದರಗಳ ಲಿಸ್ಟ್ ಇದ್ದರೆ ವಿಳಾಸಕ್ಕೆ 80 ಲಕ್ಷ ಬೈಟ್, ಸಂಖ್ಯೆಗಳಿಗೆ 2 ಕೋಟಿ 80 ಲಕ್ಷ. ಅವನ್ನೇ ಅರೇ ಮಾಡ್ಯೂಲಿನಲ್ಲಿ 4 ಬೈಟಿನ ಪೂರ್ಣಾಂಕವಾಗಿ ಇಟ್ಟರೆ ಒಟ್ಟು 40 ಲಕ್ಷ ಸಾಕು.

ಒಂದು ಖಾಲಿ ಲಿಸ್ಟಿಗೆ ಒಂದೊಂದೇ ಸೇರಿಸುತ್ತಾ ಗಾತ್ರ ಪ್ರಿಂಟ್ ಮಾಡಿಯೂ ನೋಡು. ಪ್ರತಿ ಸಲ ಏರಲ್ಲ. ಜಾಗ 4, 8, 16, 24, 32, 40, 52 ಹೀಗೆ ಬೆಳೆಯುತ್ತದೆ. ಆಮೇಲೆ ಆಬ್ಜೆಕ್ಟ್ಸ್ ಫೋಲ್ಡರಿನ ಲಿಸ್ಟ್ ಆಬ್ಜೆಕ್ಟ್ ಡಾಟ್ ಸಿ ತೆರೆ. ಇದೇ ಸಂಖ್ಯೆಗಳು ಕಾಮೆಂಟಿನಲ್ಲಿ ಬರೆದಿವೆ. ನೀನು ಓದಬೇಕಾದ ಮೊದಲ ಸಿ ಫಂಕ್ಷನ್ ಅದು.

ಟೋಲ್‌ನಾಕಾ:
ಹಾಗಾದರೆ ನಾನು ಹೇಳಿದ ಮಲ್ಟಿಪ್ರೊಸೆಸಿಂಗ್ ಸರಿ ತಾನೇ?

ಉಣಕಲ್_ಕೆರೆ:
ವೇಗಕ್ಕೆ ಸರಿ, ಪ್ರತಿ ಪ್ರೊಸೆಸ್‌ಗೂ ಅದರದ್ದೇ ಲಾಕ್. ಮೆಮೊರಿ ಮಾತ್ರ ನೋಡಿಕೊಳ್ಳಬೇಕು. ಲಿನಕ್ಸ್‌ನಲ್ಲಿ ಫೋರ್ಕ್ ಮಾಡಿದಾಗ, ಅಂದರೆ ಒಂದು ಪ್ರೊಸೆಸ್‌ನಿಂದ ಅದರದ್ದೇ ಪ್ರತಿ ಹುಟ್ಟಿಸಿದಾಗ, ತಾಯಿ, ಮಗು ಇಬ್ಬರೂ ಒಂದೇ ಮೆಮೊರಿ ಪುಟ ಹಂಚಿಕೊಳ್ಳುತ್ತಾರೆ. ಯಾರಾದರೂ ಬರೆದರೆ ಆ ಪುಟದ ಪ್ರತಿ ಆಗುತ್ತದೆ. ನಾವು ಬರೀ ಓದುತ್ತಿದ್ದೇವೆ ಅಂದುಕೊಳ್ಳುತ್ತೇವೆ. ಆದರೆ ಮುಟ್ಟಿದ ಕೂಡಲೇ ವಸ್ತುವಿನ ತಲೆಯಲ್ಲಿರುವ ಎಣಿಕೆ ಬದಲಾಗುತ್ತದೆ, ಅದು ಬರೆದಂತೆಯೇ. ಹಂಚಿಕೆಯಾದ ಪುಟಗಳು ಒಂದೊಂದಾಗಿ ಪ್ರತಿ ಆಗುತ್ತಾ ಹೋಗುತ್ತವೆ. ಇನ್‌ಸ್ಟಾಗ್ರಾಮ್ ಇಂಜಿನಿಯರ್‌ಗಳು ಇದೇ ಥರದ ತೊಂದರೆಗೆ 2017 ರಲ್ಲಿ ಜಿಸಿಯನ್ನೇ ಆಫ್ ಮಾಡಿದ್ದರು. ಜಿಸಿ ಕೂಡ ವಸ್ತುವಿನ ತಲೆಯಲ್ಲೇ ಗುರುತು ಬರೆಯುತ್ತದೆ. ಇರುವ ವಸ್ತುಗಳನ್ನು ಜಿಸಿ ಮುಟ್ಟದಂತೆ ಮಾಡುವ ಜಿಸಿ ಫ್ರೀಜ್ 3.7 ರಲ್ಲಿ ಬಂದದ್ದು ಆ ಕಾರಣಕ್ಕೇ. ಹಾಗಾಗಿ ದೊಡ್ಡ ಲಿಸ್ಟ್ ಓದಿಟ್ಟುಕೊಂಡು ಫೋರ್ಕ್ ಮಾಡಬೇಡ. ಪ್ರತಿ ಪ್ರೊಸೆಸ್‌ಗೂ ಫೈಲ್ ಹೆಸರು ಮಾತ್ರ ಕೊಡು. ಅದೇ ಓದಲಿ, ಮೊತ್ತ ಮಾತ್ರ ವಾಪಸ್ ಕಳಿಸಲಿ.

ಬ್ಯಾಡಗಿ_ಹುಡುಗ:
ಜನರೇಟರ್ ಹಾಕಿ, ವರ್ಷಕ್ಕೊಂದು ಫೈಲಿನಂತೆ ನಾಲ್ಕು ಪ್ರೊಸೆಸ್‌ಗೆ ಹಂಚಿದೆ. ಟಾಪ್‌ನಲ್ಲಿ ನಾಲ್ಕೂ ಕೋರ್ ಪೂರ್ತಿ ಓಡುವುದು ಕಾಣುತ್ತಿದೆ, ಮೆಮೊರಿ ಏರುತ್ತಲೇ ಇಲ್ಲ. ಸರ್, ಲಿಸ್ಟ್ ಆಬ್ಜೆಕ್ಟ್ ಫೈಲಿನಲ್ಲಿ ಆ ಕಾಮೆಂಟ್ ಸಿಕ್ಕಿತು. ಅದರ ಮುಂದೆ ಏನು ಓದಲಿ?

ಲೈನ್‌ಬಜಾರ್:
ಡಿಕ್ಟ್ ಆಬ್ಜೆಕ್ಟ್ ಡಾಟ್ ಸಿ. ಮೇಲಿನ ಕಾಮೆಂಟುಗಳನ್ನು ಮೊದಲು ಓದು, ಕೋಡ್ ಆಮೇಲೆ. ಒಂದು ಪ್ರಶ್ನೆ ಇಟ್ಟುಕೊಂಡೇ ಹೋಗು: ಡಿಕ್ಷನರಿಗೆ ಹಾಕಿದ ಕ್ರಮದಲ್ಲೇ ಕೀಲಿಗಳು ವಾಪಸ್ ಬರುತ್ತವೆ ಅಂತ 3.7 ರಿಂದ ಭಾಷೆಯೇ ಮಾತು ಕೊಟ್ಟಿದೆ. ಹ್ಯಾಶ್ ಟೇಬಲ್‌ನಲ್ಲಿ ಕ್ರಮ ಹೇಗೆ ಉಳಿಯುತ್ತದೆ? ಭಾನುವಾರ ಬರುವಾಗ ಕಾಗದದ ಮೇಲೆ ಚಿತ್ರ ಬರೆದುಕೊಂಡು ಬಾ.

ಚಿಗರಿ_ಬಸ್ಸು:
ಹಾಗಾದರೆ ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಹುಬ್ಬಳ್ಳಿ. ಜಾಗ ನೋಡಿ ಸಂಜೆ ಇಲ್ಲೇ ಹಾಕುತ್ತೇನೆ. ಲ್ಯಾಪ್‌ಟಾಪ್ ಇಲ್ಲದವರೂ ಬನ್ನಿ.